ಇರುವೆ ಕಾಲಿನಷ್ಟು ಅಕ್ಷರ

ನಮ್ಮ ದೊಡ್ಡಮ್ಮ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಾಳೆ. ಅವಳ ಕಾರಿನಲ್ಲಿ ಎರಡು ಬ್ರೇಕುಗಳಿವೆ. ಒಂದು ಕಲಿಯುವವರ ಕಾಲ ಬಳಿ, ಇನ್ನೊಂದು ಪಕ್ಕದಲ್ಲಿ ಕೂರುವ ಅವಳ ಕಾಲ ಬಳಿ. ಈ ಎರಡನೆಯ ಬ್ರೇಕನ್ನು ಒತ್ತಿ ಒತ್ತಿ ಅವಳ ಬಲಗಾಲಿಗೆ ಅದೇ ಚಾಳಿಯಾಗಿದೆ. ಬಸ್ಸಿನಲ್ಲಿ ಕೂತರೂ ನೆಲ ಒತ್ತುತ್ತಾಳೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದರೂ ಒತ್ತುತ್ತಾಳೆ. ಮನೆಯಲ್ಲಿ ಯಾರಾದರೂ ಮಾತನ್ನು ಅಡ್ಡದಾರಿಗೆ ಎಳೆದರೆ ಊಟದ ಮೇಜಿನ ಕೆಳಗೆ ಅವಳ ಪಾದ ಟಪ್ಪೆನ್ನುತ್ತದೆ. ಆಗ ದೊಡ್ಡಪ್ಪ, "ನಿಲ್ಲಿಸಿ ನಿಲ್ಲಿಸಿ, ಬ್ರೇಕ್ ಬಿತ್ತು" ಎನ್ನುತ್ತಾರೆ.

ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಕಾರನ್ನು ಗೋಡೆಗೆ ತಾಗಿಸಿದವರನ್ನು ಅವಳು ಬೈದದ್ದನ್ನು ನಾನು ಕೇಳಿಲ್ಲ. ಬೇಕೆಂದು ಯಾರೂ ಗೋಡೆಗೆ ತಾಗಿಸುವುದಿಲ್ಲ ಎಂಬುದು ಅವಳ ನಂಬಿಕೆ. ಅವಳಿಗೆ ತಡೆಯಲಾಗದ್ದು ಇಂಡಿಕೇಟರ್ ಹಾಕದೆ ತಿರುಗುವುದು ಮಾತ್ರ.

"ನೀನು ಎತ್ಲಾಗೆ ತಿರುಗ್ತೀಯ ಅಂತ ನಿನಗೆ ಗೊತ್ತು," ಎಂದು ಅವಳು ಪ್ರತಿಯೊಬ್ಬ ಶಿಷ್ಯನಿಗೂ ಹೇಳುತ್ತಾಳೆ. "ಹಿಂದೆ ಬರೋನು ನಿನ್ನ ಹೊಟ್ಟೆ ಒಳಗೆ ಕೂತಿದ್ದಾನಾ?"

ಇಂಥವಳ ಕೈಗೆ, ತಾನು ಎತ್ತ ತಿರುಗಿದ್ದೇನೆಂದು ಸರಿಯಾಗಿ ಹೇಳದ ಒಂದು ಯಂತ್ರ ಸಿಕ್ಕಿತು. ಅದರಿಂದಾಗಿ ಅವಳು ಬಹಳ ಇಷ್ಟಪಟ್ಟು ಮಾಡುತ್ತಿದ್ದ ಒಂದು ಕೆಲಸ ಕೈತಪ್ಪುವುದರಲ್ಲಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡಮ್ಮನಿಗೆ ಹ್ಯಾಮ್ ರೇಡಿಯೋ ಹವ್ಯಾಸ. ಪರೀಕ್ಷೆ ಬರೆದು ಲೈಸೆನ್ಸ್ ಪಡೆದವರು ತಮ್ಮ ಮನೆಯಿಂದಲೇ ಒಬ್ಬರೊಡನೊಬ್ಬರು ಮಾತಾಡುವ ರೇಡಿಯೋ ಇದು. ಅವಳ ರೇಡಿಯೋ ಇರುವುದು ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಮೊದಲು ಅಲ್ಲಿ ಪೊರಕೆಗಳೂ ಚಕ್ರ ಮುರಿದ ಸೂಟ್‌ಕೇಸೂ ಇದ್ದವು. ದೊಡ್ಡಪ್ಪ ಫ್ರಿಜ್ ರಿಪೇರಿ ಮಾಡುವವರಾದ್ದರಿಂದ ಅಲ್ಲಿನ ಮೇಜು ಕೂಡ ಒಂದು ಸತ್ತ ಫ್ರಿಜ್ಜಿನ ಬಾಗಿಲು. ಕೆಳಗೆ ನಾಲ್ಕು ಕಾಲು ಹಾಕಿದ್ದಾರೆ, ಹಿಡಿಕೆ ಹಾಗೇ ಉಳಿದಿದೆ. ದೊಡ್ಡಮ್ಮ ಅದಕ್ಕೆ ಕೈ ಒರೆಸುವ ಬಟ್ಟೆ ನೇತುಹಾಕುತ್ತಾಳೆ. ರೇಡಿಯೋದ ಆಂಟೆನಾ ತಂತಿ ಮಾಳಿಗೆಯಿಂದ ಪಕ್ಕದ ಮನೆಯ ನೀರಿನ ಟ್ಯಾಂಕಿನವರೆಗೆ ಹೋಗುತ್ತದೆ. ಪಕ್ಕದ ಮನೆಯವರು ಅದರ ಮೇಲೆ ಕಾಲುಚೀಲ ಒಣಹಾಕುತ್ತಾರೆ. ಹೇಳಿ ಹೇಳಿ ಸಾಕಾಗಿದೆ.

ಪ್ರತಿ ಭಾನುವಾರ ಬೆಳಿಗ್ಗೆ ರೇಡಿಯೋ ಸಂಘದವರೆಲ್ಲ ಒಂದು ಗೊತ್ತಾದ ಫ್ರೀಕ್ವೆನ್ಸಿಯಲ್ಲಿ ಸೇರುತ್ತಾರೆ. ಫ್ರೀಕ್ವೆನ್ಸಿ ಎಂದರೆ ಗಾಳಿಯಲ್ಲಿರುವ ಒಂದು ಜಾಗ ಎಂದುಕೊಂಡರೆ ಸಾಕು. ಎಲ್ಲರೂ ರೇಡಿಯೋವನ್ನು ಅದೇ ಅಂಕಿಗೆ ತಿರುಗಿಸಿದರೆ ಒಬ್ಬರ ಮಾತು ಎಲ್ಲರಿಗೂ ಕೇಳುತ್ತದೆ. ಅಲ್ಲಿ ದೊಡ್ಡಮ್ಮ ಒಬ್ಬೊಬ್ಬರನ್ನೇ ಕರೆಯುತ್ತಾಳೆ. ಕರೆಸಿಕೊಂಡವರು ತಾವು ಚೆನ್ನಾಗಿದ್ದೇವೆ, ರೇಡಿಯೋ ಸರಿಯಿದೆ, ತಮ್ಮ ಕಡೆ ರಸ್ತೆ, ಕರೆಂಟು, ಗಾಳಿ ಹೀಗಿದೆ ಎಂದು ಹೇಳುತ್ತಾರೆ. ಇದಕ್ಕೆ ಹಾಜರಿ ಎಂದು ಹೆಸರು. ಒಂದು ಬಿರುಗಾಳಿಯಲ್ಲಿ ಫೋನುಗಳೆಲ್ಲ ಸತ್ತುಹೋದಾಗ ಈ ಹಾಜರಿಯಿಂದಲೇ ಯಾರ ಮನೆ ಮುಳುಗಿದೆ, ಯಾರಿಗೆ ಔಷಧಿ ಬೇಕು ಎಂದು ತಿಳಿದಿತ್ತು. ಅಂದಿನಿಂದ ಹಾಜರಿ ಕರೆಯುವುದು ದೊಡ್ಡಮ್ಮನ ಕೆಲಸ.

ಅವಳಿಗೆ ಅದು ಎಷ್ಟು ಮುಖ್ಯ ಎಂದು ಒಮ್ಮೆ ಅವಳೇ ಹೇಳಿದ್ದಳು. "ವಾರ ಪೂರ್ತಿ ಸ್ಟಿಯರಿಂಗ್ ಬೇರೆಯವರ ಕೈಲಿರುತ್ತೆ. ನಾನು ಪಕ್ಕದಲ್ಲಿ ಜೀವ ಹಿಡ್ಕೊಂಡು ಕೂತಿರ್ತೀನಿ. ಭಾನುವಾರ ಬೆಳಿಗ್ಗೆ ಮಾತ್ರ ಗಾಡಿ ನಾನು ಓಡಿಸ್ತೀನಿ."

ಹಳೆಯ ರೇಡಿಯೋ ಇದ್ದಷ್ಟು ಕಾಲ ಎಲ್ಲ ಸುಸೂತ್ರವಾಗಿತ್ತು. ಅದಕ್ಕೊಂದು ದೊಡ್ಡ ಗುಂಡಗಿನ ತಿರುಗಣೆ, ಒಂದು ಮುಳ್ಳು. ಮುಳ್ಳು ಎಲ್ಲಿ ನಿಂತಿದೆಯೋ ಅಲ್ಲೇ ಕೇಳಬೇಕು, ಅಲ್ಲೇ ಮಾತಾಡಬೇಕು. ಒಂದು ದಿನ ಅದರೊಳಗಿಂದ ಸುಟ್ಟ ವಾಸನೆ ಬಂತು. ದೊಡ್ಡಪ್ಪ ಬಿಚ್ಚಿ ನೋಡಿ, "ಇದಕ್ಕೆ ಗ್ಯಾಸ್ ತುಂಬಿಸೋಕಾಗಲ್ಲ" ಎಂದು ಮತ್ತೆ ಮುಚ್ಚಿದರು. ಸಂಘದ ಕಚೇರಿಯಲ್ಲಿರುವಂಥದ್ದೇ, ಸಂಘದ ಬಹಳಷ್ಟು ಜನರ ಮನೆಯಲ್ಲಿರುವಂಥದ್ದೇ ಹೊಸ ಮಾದರಿಯ ರೇಡಿಯೋ ಮನೆಗೆ ಬಂತು.

ಹೊಸ ರೇಡಿಯೋದ ಪರದೆಯ ಮೇಲೆ ಒಂದರ ಕೆಳಗೊಂದು ಎರಡು ಅಂಕಿಗಳಿವೆ. ಸಾಮಾನ್ಯವಾಗಿ ಮೇಲಿನ ಅಂಕಿಯಲ್ಲೇ ಕೇಳುವುದು, ಅಲ್ಲೇ ಮಾತಾಡುವುದು. ಸ್ಪ್ಲಿಟ್ ಎಂಬ ಗುಂಡಿ ಒತ್ತಿದರೆ ಮಾತ್ರ ಕೇಳುವುದು ಮೇಲಿನದರಲ್ಲಿ, ಮಾತಾಡುವುದು ಕೆಳಗಿನದರಲ್ಲಿ. ಇದೇನು ಹುಚ್ಚು ಎಂದು ಕೇಳಬಹುದು. ಇದಕ್ಕೆ ಕಾರಣವಿದೆ. ದೂರದ ದ್ವೀಪದಲ್ಲಿ ಒಬ್ಬ ರೇಡಿಯೋದವನಿದ್ದಾನೆ. ಶನಿವಾರ ಸಂಜೆ ಅವನು ಗಾಳಿಗೆ ಬಂದರೆ ಲೋಕದವರೆಲ್ಲ ಒಟ್ಟಿಗೆ ಅವನನ್ನು ಕರೆಯುತ್ತಾರೆ. ಅವನು ಮಾತಾಡುವ ಜಾಗದಲ್ಲೇ ಎಲ್ಲರೂ ಕೂಗಿದರೆ ಅವನ ಧ್ವನಿ ಯಾರಿಗೂ ಕೇಳುವುದಿಲ್ಲ. ಅದಕ್ಕೇ ಅವನು ಒಂದು ಜಾಗದಲ್ಲಿ ಮಾತಾಡಿ, ಸ್ವಲ್ಪ ಆಚೆಗಿನ ಇನ್ನೊಂದು ಜಾಗದಲ್ಲಿ ಕಿವಿಗೊಡುತ್ತಾನೆ. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಇದರ ಬಗ್ಗೆ ದೊಡ್ಡಮ್ಮನ ತಕರಾರಿಲ್ಲ. ಒನ್‌ವೇ ರಸ್ತೆ ಅವಳಿಗೆ ಅರ್ಥವಾಗುತ್ತದೆ.

ಅವಳ ತಕರಾರು ದಾರಿ ತೋರಿಸುವ ಬೋರ್ಡಿನ ಬಗ್ಗೆ. ಸ್ಪ್ಲಿಟ್ ಒತ್ತಿದಾಗ ಮಾತು ಕೆಳಗಿನ ಅಂಕಿಗೆ ಹೋಗುತ್ತಿದೆ ಎಂದು ತೋರಿಸಲು ಆ ಅಂಕಿಯ ಪಕ್ಕ ಎರಡು ಪುಟ್ಟ ಅಕ್ಷರ ಮೂಡುತ್ತವೆ. ಒತ್ತದಿದ್ದಾಗ ಅದೇ ಎರಡು ಅಕ್ಷರ ಮೇಲಿನ ಅಂಕಿಯ ಪಕ್ಕ ಇರುತ್ತವೆ. ಉಳಿದದ್ದೆಲ್ಲ ಹಾಗೇ. ಪರದೆಯ ತುಂಬ ಗಡಿಯಾರ, ಬಣ್ಣದ ಅಲೆ, ಬಗೆಬಗೆಯ ಪಟ್ಟಿಗಳು, ಇವುಗಳ ನಡುವೆ ಬೂದು ಬಣ್ಣದ ಆ ಎರಡು ಅಕ್ಷರ.

"ಇರುವೆ ಕಾಲಿನಷ್ಟಿದೆ," ಎಂದಳು ಮೊದಲ ದಿನವೇ. "ಗಡಿಯಾರ ನೋಡ್ರೀ, ತಟ್ಟೆಯಷ್ಟಗಲ. ಗಂಟೆ ಎಷ್ಟು ಅಂತ ಗೋಡೆ ನೋಡಿದ್ರೆ ಗೊತ್ತಾಗುತ್ತೆ. ನಾನು ಎಲ್ಲಿ ಮಾತಾಡ್ತಿದ್ದೀನಿ ಅಂತ ಯಾರನ್ನ ಕೇಳ್ಲಿ?"

"ಮೈಕ್ ಒತ್ತಿದ್ರೆ ಕೆಂಪು ದೀಪ ಹತ್ತುತ್ತಲ್ಲ," ಎಂದರು ದೊಡ್ಡಪ್ಪ.

"ಹತ್ತುತ್ತೆ. ನೀನು ಮಾತಾಡ್ತಿದ್ದೀಯ ಅಂತ ಹೇಳುತ್ತೆ. ಅದು ನನಗೇ ಗೊತ್ತು, ಬಾಯಿ ನನ್ನದೇ. ಎಲ್ಲಿ ಅನ್ನೋದನ್ನ ಹೇಳಬೇಕು."

ಅವಳು ರೇಡಿಯೋ ಮಾಡಿದ ಕಂಪನಿಗೆ ಇಮೇಲ್ ಬರೆದಳು. ಮೈಕ್ ಒತ್ತಿದ ಕೂಡಲೇ ಮಾತು ಹೋಗುವ ಅಂಕಿ ದೊಡ್ಡದಾಗಿ ಕೆಂಪಾಗಲಿ, ಇನ್ನೊಂದು ಮಂಕಾಗಲಿ, ಅಷ್ಟು ಸಾಕು ಎಂದು. ಅವರು ನಮ್ಮ ಉತ್ಪನ್ನವನ್ನು ಆರಿಸಿದ್ದಕ್ಕೆ ಧನ್ಯವಾದ ಎಂದು ಉತ್ತರಿಸಿ, ಗಡಿಯಾರದ ಬಣ್ಣ ಬದಲಾಯಿಸುವ ವಿಧಾನವನ್ನು ಕಳಿಸಿದರು. ಅವಳು ಮತ್ತೆ ಬರೆದಳು. ಅವರು ಮತ್ತೆ ಧನ್ಯವಾದ ಹೇಳಿದರು. ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು.

ಅಷ್ಟರಲ್ಲಿ ಹಾಜರಿಯಲ್ಲಿ ಎಡವಟ್ಟು ಶುರುವಾಗಿತ್ತು. ಒಂದು ಭಾನುವಾರ ಅವಳು ಎಲ್ಲರನ್ನೂ ಕರೆದರೂ ಯಾರೂ ಉತ್ತರಿಸಲಿಲ್ಲ. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದರೆ, ಹಿಂದಿನ ಸಂಜೆ ದ್ವೀಪದವನಿಗಾಗಿ ಒತ್ತಿದ ಸ್ಪ್ಲಿಟ್ ಹಾಗೇ ಇತ್ತು. ಕೆಲವು ವಾರ ಬಿಟ್ಟು ಇನ್ನೊಮ್ಮೆ ಅದೇ ಆಯಿತು. ಇದು ಸಾಲದು ಎಂಬಂತೆ ಇನ್ನೊಂದು ದೂರು ಬಂತು. ಸಂಘದ ಕಾರ್ಯದರ್ಶಿ, ಔಷಧಿ ಅಂಗಡಿಯವನು, ತಾನು ಹಾಜರಿ ಹೇಳಿದರೂ ದೊಡ್ಡಮ್ಮ ಗೈರು ಎಂದು ಸಾರಿದಳು ಎಂದು ಕೆರಳಿದ. ಒಂದಲ್ಲ, ಹಲವು ಸಲ.

ಈ ಔಷಧಿ ಅಂಗಡಿಯವನು ಕಾರು ಕಲಿತದ್ದು ದೊಡ್ಡಮ್ಮನ ಬಳಿಯೇ. ಹಿಂದಕ್ಕೆ ಓಡಿಸುವುದು ಅವನಿಗೆ ಬರಲೊಲ್ಲದೆ, ಅವಳು ಅವನನ್ನು ಮಾರುಕಟ್ಟೆಯ ಹಿಂದಿನ ಖಾಲಿ ಜಾಗದಲ್ಲಿ ತಿರುಗಿಸಿ ತಿರುಗಿಸಿ ಹಣ್ಣು ಮಾಡಿದ್ದಳು. ಅವನು ಅದನ್ನು ಮರೆತಂತಿರಲಿಲ್ಲ. ಒಂದು ಸಂಜೆ ಅವಳು ಕೆಮ್ಮಿನ ಔಷಧಿಗೆ ಹೋದಾಗ, ಬಾಟಲಿಯನ್ನು ಕಾಗದದಲ್ಲಿ ಸುತ್ತುತ್ತ ಬಹಳ ಮೆತ್ತಗೆ ಹೇಳಿದ:

"ಮೇಡಂ, ಬೇಜಾರು ಮಾಡ್ಕೋಬೇಡಿ. ನೀವು ಕರೆಯೋದು ನಮಗೆ ಕೇಳಲ್ಲ, ನಾವು ಹೇಳೋದು ನಿಮಗೆ ಕೇಳಲ್ಲ. ಇನ್ನೊಂದು ಸಲ ಹೀಗಾದ್ರೆ ಹಾಜರಿನ ಬೇರೆಯವರಿಗೆ ಒಪ್ಪಿಸೋಣ ಅಂತ ಸಂಘದಲ್ಲಿ ಮಾತು ಬಂದಿದೆ."

"ಯಾರು ಮಾತಾಡಿದ್ದು?"

"ಎಲ್ಲರೂ."

"ಎಲ್ಲರೂ ಅಂದ್ರೆ ನೀನು," ಎಂದು ಬಾಟಲಿ ತೆಗೆದುಕೊಂಡು ಬಂದಳು.

ಆ ಇನ್ನೊಂದು ಸಲ ಬರುವುದು ತಡವಾಗಲಿಲ್ಲ.

ಅಂದು ಅವಳು ಬಹಳ ಎಚ್ಚರದಿಂದಿದ್ದಳು. ಸ್ಪ್ಲಿಟ್ ಗುಂಡಿಯನ್ನು ಒತ್ತಿ ಆರಿಸಿದಳು. ಆದರೆ ಅದು ಮೊದಲೇ ಆರಿತ್ತು, ಹಿಂದಿನ ಸಂಜೆ ಅವಳೇ ಆರಿಸಿ ಮಲಗಿದ್ದಳು. ಒತ್ತಿದರೆ ಹೊತ್ತಿಕೊಳ್ಳುವುದೂ ಆರುವುದೂ ಒಂದೇ ಗುಂಡಿ. ಆದ್ದರಿಂದ ಆರಿಸುತ್ತೇನೆಂದು ಹೊತ್ತಿಸಿದಳು. ಇರುವೆ ಕಾಲಿನ ಅಕ್ಷರ ಮೇಲಿನಿಂದ ಕೆಳಗೆ ಇಳಿಯಿತು. ಅವಳು ಕನ್ನಡಕ ಸರಿಮಾಡಿಕೊಂಡು, ಮೈಕ್ ಎತ್ತಿ, "ಎಲ್ಲರಿಗೂ ನಮಸ್ಕಾರ, ಭಾನುವಾರದ ಹಾಜರಿ ಶುರು ಮಾಡ್ತಿದ್ದೀನಿ, ಬೇರೆಯವರು ದಯವಿಟ್ಟು ಸುಮ್ಮನಿರಿ" ಎಂದಳು.

ಸ್ಪೀಕರಿನಲ್ಲಿ ಔಷಧಿ ಅಂಗಡಿಯವನ ಧ್ವನಿ ಬಂತು. "ಏನ್ರೀ, ಮೇಡಂ ಇನ್ನೂ ಬಂದಿಲ್ವಾ?"

"ಬಂದಿದ್ದೀನಿ," ಎಂದಳು ದೊಡ್ಡಮ್ಮ.

"ಬಂದಿಲ್ಲ ಅನ್ಸುತ್ತೆ," ಎಂದಿತು ಇನ್ನೊಂದು ಧ್ವನಿ.

ಸ್ಪ್ಲಿಟ್‌ನಲ್ಲಿ ಹೀಗೇ ಆಗುವುದು. ಅವರ ಮಾತೆಲ್ಲ ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವಳ ಮಾತು ಮಾತ್ರ ಅವರ ಬಳಿಗೆ ಹೋಗದೆ ಪಕ್ಕದ ಬೀದಿಗೆ ಹೋಗುತ್ತಿತ್ತು. ಬಾಗಿಲ ಹಿಂದೆ ನಿಂತು ನಮ್ಮ ಬಗ್ಗೆ ಇತರರು ಆಡುವುದನ್ನು ಕೇಳಿಸಿಕೊಂಡ ಹಾಗೆ. ಆದರೆ ಅವಳಿಗೆ ತಾನು ಬಾಗಿಲ ಹಿಂದಿದ್ದೇನೆಂದೇ ಗೊತ್ತಿಲ್ಲ.

ಬೆಟ್ಟದ ಮೇಲಿನ ಹವಾಮಾನ ಕೇಂದ್ರದಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಸಂಘದಲ್ಲಿದ್ದಾಳೆ. ಅವಳೆಂದಳು, "ಇನ್ನೊಂಚೂರು ಕಾಯೋಣ. ಅಕ್ಕ ತಪ್ಪಿಸಲ್ಲ."

"ಕಾಯೋದಕ್ಕೆ ನನಗೇನೂ ತೊಂದರೆ ಇಲ್ಲ," ಎಂದ ಔಷಧಿ ಅಂಗಡಿಯವನು. "ಆದ್ರೆ ಎಷ್ಟು ಸಲ ಅಂತ? ವಯಸ್ಸಾಯ್ತು ಅಂತ ಒಪ್ಕೋಬೇಕು. ಕಣ್ಣು ಮಂಜು, ಕಿವಿ ಮಂದ. ಅಂಗಡಿಗೆ ಬಂದಾಗ ನೋಡ್ತೀನಲ್ಲ. ಎದುರಿಗೆ ಹೇಳಿದ್ರೆ ಹುಲಿ ಥರ ಮೇಲೆ ಬೀಳ್ತಾರೆ."

ದೊಡ್ಡಮ್ಮನ ಬಲಗಾಲು ನೆಲಕ್ಕೆ ಬಿತ್ತು. "ನನ್ನ ಕಿವಿ ಮಂದವಾ? ನೀನು ಗೇರ್ ಹಾಕುವಾಗ ಅದು ಅರಚ್ಕೊಳ್ಳೋದು ನನಗೆ ಕನಸಲ್ಲಿ ಇವತ್ತಿಗೂ ಕೇಳುತ್ತೆ. ಮುಂದಿನ ಗೇರಿನಲ್ಲಿ ಹಿಂದಕ್ಕೆ ಹೋಗೋಕೆ ನೋಡಿದವನು ನೀನು, ನೆನಪಿದೆಯಾ?"

"ಸರಿ, ಇವತ್ತು ನಾನೇ ಹಾಜರಿ ಕರೀತೀನಿ," ಎಂದ ಅವನು.

"ಮುಟ್ಟಿ ನೋಡು," ಎಂದಳು ದೊಡ್ಡಮ್ಮ.

ಅವನು ಕರೆಯತೊಡಗಿದ. ಅವಳು ಬೈಯತೊಡಗಿದಳು. ಅವಳು ಎಷ್ಟು ಬೈದರೂ ಅವನು ಅಷ್ಟೇ ನಿಧಾನವಾಗಿ, ಅಷ್ಟೇ ವಿನಯದಿಂದ ಕರೆಯುತ್ತ ಹೋದ. ತನ್ನ ಮಾತಿಗೆ ಕವಡೆ ಕಿಮ್ಮತ್ತೂ ಇಲ್ಲವೆಂದು ಅವಳು ಮೈಕನ್ನು ಇನ್ನಷ್ಟು ಬಾಯಿಗೆ ಹತ್ತಿರ ಹಿಡಿದಳು. ಅಷ್ಟರಲ್ಲಿ ಒಳಗೆ ಫೋನ್ ಹೊಡೆದುಕೊಂಡಿತು. ದೊಡ್ಡಪ್ಪ ಎತ್ತಿ, ಸ್ವಲ್ಪ ಕೇಳಿ, ಮೆಟ್ಟಿಲ ಸಂದಿಗೆ ತಲೆ ಹಾಕಿದರು.

"ಗಡಿಯಾರದಜ್ಜ ಫೋನ್ ಮಾಡಿದ್ದಾರೆ. ನೀನು ಆಗ್ಲಿಂದ ಅವರ ಮಂಡಿ ಮೇಲೆ ಕೂತಿದ್ದೀಯಂತೆ. ಸ್ವಲ್ಪ ಏಳಬೇಕಂತೆ."

ಗಡಿಯಾರ ರಿಪೇರಿಯ ಅಜ್ಜನೂ ನಿವೃತ್ತ ಮೇಷ್ಟರೂ ಸಂಘದ ಹಳೆಯ ಸದಸ್ಯರು. ಹಾಜರಿಯ ಹೊತ್ತಿನಲ್ಲಿ ತಮ್ಮ ಮಂಡಿನೋವಿನ ವಿಚಾರ ಎಳೆದಾಡುತ್ತಾರೆಂದು ದೊಡ್ಡಮ್ಮನೇ ಹಿಂದೊಮ್ಮೆ ಅವರನ್ನು ಗದರಿಸಿದ್ದಳು. ಅಂದಿನಿಂದ ಅವರು ಭಾನುವಾರ ಬೆಳಿಗ್ಗೆ ಬೇರೆ ಖಾಲಿ ಜಾಗ ನೋಡಿಕೊಂಡು ಇಬ್ಬರೇ ಕೂರುತ್ತಿದ್ದರು. ಅವರು ಆರಿಸಿದ ಜಾಗ, ಶನಿವಾರ ಸಂಜೆ ದ್ವೀಪದವನಿಗಾಗಿ ಲೋಕವೆಲ್ಲ ಕೂಗಿ ಭಾನುವಾರ ಖಾಲಿ ಬಿಡುವ ಜಾಗ.

ದೊಡ್ಡಮ್ಮ ಪರದೆಗೆ ಮೂಗು ತಾಗಿಸಿ ನೋಡಿದಳು. ಅಕ್ಷರ ಕೆಳಗಿತ್ತು. ಅವಳು ರೇಡಿಯೋ ಆರಿಸಿ, ಹಿಡಿಕೆಗೆ ನೇತುಹಾಕಿದ್ದ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಎದ್ದಳು. ಅಂದು ಮಧ್ಯಾಹ್ನ ಊಟದ ಮೇಜಿನ ಕೆಳಗೆ ಅವಳ ಪಾದ ಒಮ್ಮೆಯೂ ಟಪ್ಪೆನ್ನಲಿಲ್ಲ. ನಮಗೆಲ್ಲ ಊಟ ಸೇರಲಿಲ್ಲ. ಸಂಜೆ ಔಷಧಿ ಅಂಗಡಿಯವನಿಂದ ಸಂದೇಶ ಬಂತು. ಮುಂದಿನ ಶನಿವಾರ ಸಂಘದ ಸಭೆ. ವಿಷಯ, ಹಾಜರಿಗೆ ಹೊಸಬರ ನೇಮಕ.

ಮರುದಿನ ಅವಳ ಪಾಠ ಬೇಕರಿಯವನಿಗೆ. ಅವನು ಒಳ್ಳೆಯ ಮನುಷ್ಯ, ಹೇಳಿದ್ದನ್ನೆಲ್ಲ ಮಾಡುತ್ತಾನೆ, ಮಾಡಿದ್ದನ್ನು ನಿಲ್ಲಿಸಲು ಮರೆಯುತ್ತಾನೆ. ಅಂಚೆ ಕಚೇರಿಯ ಬಳಿ ಎಡಕ್ಕೆ ಇಂಡಿಕೇಟರ್ ಹಾಕಿ ಚೆನ್ನಾಗಿಯೇ ತಿರುಗಿದ. ತಿರುಗಿದ ಮೇಲೂ ಇಂಡಿಕೇಟರ್ ಹೊಡೆದುಕೊಳ್ಳುತ್ತಲೇ ಇತ್ತು. ದೊಡ್ಡಮ್ಮ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಸಂಘದವರಿಗೆ ಏನು ಹೇಳಲಿ ಎಂಬುದೇ ಅವಳ ತಲೆಯಲ್ಲಿತ್ತು. ಟಿಕ್ ಟಿಕ್ ಟಿಕ್ ಟಿಕ್. ಹಿಂದಿನ ಲಾರಿಯವನು ಹಾರ್ನ್ ಹೊಡೆದ.

"ಅದನ್ನ ತೆಗಿಯೋ ಮಾರಾಯ, ತಲೆ ತಿಂತಿದೆ," ಎಂದವಳು ತನ್ನ ಮಾತು ತಾನೇ ಕೇಳಿ ಕಿಟಕಿಯಿಂದ ಇತ್ತ ತಿರುಗಿದಳು. ಆಮೇಲೆ, "ಬೇಡ, ತೆಗೀಬೇಡ. ಹಾಗೇ ಇರಲಿ" ಎಂದಳು.

"ಎಡಕ್ಕೆ ತಿರುಗಬೇಕಾ ಮೇಡಂ?"

"ಎಲ್ಲೂ ತಿರುಗಬೇಡ. ನೇರ ನಡಿ. ಮನೆಗೆ."

ದೊಡ್ಡಪ್ಪ ಅಂಗಳದಲ್ಲಿ ಒಂದು ಫ್ರಿಜ್ಜಿನ ಬೆನ್ನು ಬಿಚ್ಚಿಕೊಂಡು ಕೂತಿದ್ದರು. ಅವಳು ಅವರೆದುರು ನಿಂತು ಹೇಳಿದಳು, "ಕಣ್ಣಿಗೆ ಹೇಳೋದನ್ನ ಆ ಕಂಪನಿಯವರು ಮಾಡಲ್ಲ. ಕಿವಿಗೆ ಹೇಳೋ ಹಾಗೆ ನೀವು ಮಾಡಿಕೊಡಿ. ಸ್ಪ್ಲಿಟ್ ಇದ್ದಷ್ಟು ಹೊತ್ತು ಅದು ನನ್ನ ತಲೆ ತಿನ್ನಬೇಕು."

"ಅದಕ್ಕೆ ನಾನಿದ್ದೀನಲ್ಲ," ಎಂದರು ದೊಡ್ಡಪ್ಪ.

"ತಮಾಷೆ ಬೇಡ. ಶನಿವಾರದೊಳಗೆ."

ರೇಡಿಯೋದ ಒಳಗೆ ಕೈಹಾಕುವ ಧೈರ್ಯ ಅವರಿಗಿರಲಿಲ್ಲ. ಅವರು ಹೊರಗೇ ಒಂದು ಉಪಾಯ ಮಾಡಿದರು. ತಗಡಿನ ಒಂದು ಪುಟ್ಟ ಮುಚ್ಚಳ ಬಗ್ಗಿಸಿ, ಸ್ಪ್ಲಿಟ್ ಗುಂಡಿಯ ಮೇಲೆ ಕೂರುವಂತೆ, ಬೇಕಾದಾಗ ಬಿಚ್ಚಬಹುದಾದ ಟೇಪಿನಿಂದ ಅಂಟಿಸಿದರು. ಮುಚ್ಚಳ ಎತ್ತದೆ ಗುಂಡಿ ಒತ್ತಲಾಗದು. ಮುಚ್ಚಳದ ಬುಡದಲ್ಲಿ ಫ್ರಿಜ್ಜಿನ ಬಾಗಿಲ ಸ್ವಿಚ್ಚು. ಬಾಗಿಲು ತೆಗೆದರೆ ಒಳಗಿನ ದೀಪ ಹತ್ತುತ್ತದಲ್ಲ, ಅದೇ. ಆ ಸ್ವಿಚ್ಚಿಗೆ ಕಾರಿನ ಇಂಡಿಕೇಟರಿನ ಟಿಕ್ ಟಿಕ್ ಮಾಡುವ ಡಬ್ಬಿಯನ್ನೂ ಒಂದು ಹಳದಿ ಬಲ್ಬನ್ನೂ ಪುಟ್ಟ ಬ್ಯಾಟರಿಯನ್ನೂ ಜೋಡಿಸಿದರು. ಮುಚ್ಚಳ ಎತ್ತಿದರೆ ಟಿಕ್ ಟಿಕ್, ಮುಚ್ಚಿದರೆ ಮೌನ.

"ಸ್ಪ್ಲಿಟ್ ಆರಿಸದೆ ಮುಚ್ಚಿದ್ರೆ?" ಎಂದು ಕೇಳಿದಳು ದೊಡ್ಡಮ್ಮ.

"ಫ್ರಿಜ್ ಬಾಗಿಲು ಮುಚ್ಚಿದ ಮೇಲೆ ಒಳಗೆ ದೀಪ ಆರಿದೆಯಾ ಅಂತ ಇಲ್ಲೀವರೆಗೆ ಯಾರು ನೋಡಿದ್ದಾರೆ? ಅಷ್ಟು ನಂಬಿಕೆ ಇರಬೇಕು."

"ನಂಬಿಕೆ ಇದ್ದಿದ್ರೆ ಕಾರಿಗೆ ಎರಡು ಬ್ರೇಕ್ ಯಾಕೆ?" ಎಂದಳು ಅವಳು. ಆದರೂ ಮುಚ್ಚಳವನ್ನು ಎತ್ತಿ, ಮುಚ್ಚಿ, ಮತ್ತೆ ಎತ್ತಿ ನೋಡಿದಳು. ಆ ಭಾನುವಾರದ ನಂತರ ಮೊದಲ ಬಾರಿಗೆ ಅವಳ ಮುಖ ಸ್ವಲ್ಪ ಸಡಿಲವಾಯಿತು.

ಸಂಘದ ಕಚೇರಿ ಸೈಕಲ್ ಅಂಗಡಿಯ ಮೇಲಿನ ಕೋಣೆ. ಬೆಂಚುಗಳು, ತುಕ್ಕು ಹಿಡಿದ ಬೀರು, ಕಿಟಕಿಯ ಬಳಿ ಮೇಜಿನ ಮೇಲೆ ಸಂಘದ ರೇಡಿಯೋ. ಕೆಳಗಿನಿಂದ ರಬ್ಬರಿನ ವಾಸನೆ ಬರುತ್ತಿರುತ್ತದೆ. ಅಂದು ಎಂದಿಗಿಂತ ಹೆಚ್ಚು ಜನ ಬಂದಿದ್ದರು. ಹವಾಮಾನದ ಹೆಂಗಸು ಬೆಟ್ಟ ಇಳಿದು ಬಂದಿದ್ದಳು. ಮೇಷ್ಟರೂ ಗಡಿಯಾರದಜ್ಜನೂ ಮೆಟ್ಟಿಲನ್ನು ಒಂದೊಂದಾಗಿ ಬೈಯುತ್ತ ಹತ್ತಿ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ದೊಡ್ಡಮ್ಮ ಮುಚ್ಚಳವನ್ನೂ ಡಬ್ಬಿಯನ್ನೂ ಕೈಚೀಲದಲ್ಲಿಟ್ಟುಕೊಂಡು ಬಾಗಿಲ ಬಳಿಯ ಕುರ್ಚಿ ಹಿಡಿದಳು.

ಔಷಧಿ ಅಂಗಡಿಯವನು ಎದ್ದುನಿಂತು, ಮೇಡಂ ಇಷ್ಟು ಕಾಲ ಮಾಡಿದ ಸೇವೆಯನ್ನು ಮೊದಲು ಹೊಗಳಿದ. ಹೊಗಳಿಕೆ ಉದ್ದವಾದಷ್ಟೂ ದೊಡ್ಡಮ್ಮನ ಮುಖ ಬಿಗಿಯಾಯಿತು. ಆಮೇಲೆ ಎರಡು ಕಾರಣ ಹೇಳಿದ. ಅವರು ಕರೆಯುವುದು ನಮಗೆ ತಲುಪುತ್ತಿಲ್ಲ, ನಾವು ಉತ್ತರಿಸಿದರೂ ಗೈರು ಎನ್ನುತ್ತಾರೆ.

"ಮೊದಲನೇದು ನಿಜ," ಎಂದಳು ದೊಡ್ಡಮ್ಮ. "ಎರಡನೇದು ಸುಳ್ಳು. ನೀನು ಉತ್ತರಿಸಿದ್ರೆ ನನಗೆ ಕೇಳ್ತಿತ್ತು. ಮೊದಲನೇದಕ್ಕೂ ಕಾರಣ ಆ ಪರದೆ. ಬನ್ನಿ, ಒಬ್ಬೊಬ್ಬರೇ ನೋಡಿ. ಈಗ ಮೈಕ್ ಒತ್ತಿದ್ರೆ ಮಾತು ಯಾವ ಅಂಕಿಗೆ ಹೋಗುತ್ತೆ, ತಟ್ಟಂತ ಹೇಳಿ."

ಅವಳು ಗುಂಡಿ ಒತ್ತಿ ಬದಲಾಯಿಸುತ್ತ ಹೋದಳು. ಕೆಲವರು ಸರಿ ಹೇಳಿದರು, ಕೆಲವರು ತಪ್ಪು ಹೇಳಿದರು, ಒಬ್ಬರು ಗಡಿಯಾರ ನೋಡಿ ಗಂಟೆ ಹೇಳಿದರು. ಔಷಧಿ ಅಂಗಡಿಯವನು ಕನ್ನಡಕ ಒರೆಸಿ, ಬಗ್ಗಿ, ಮಾತ್ರೆಯ ಹಾಳೆಯ ಹಿಂದಿನ ತಾರೀಖು ಓದುವವನಂತೆ ನಿಧಾನವಾಗಿ ಓದಿ ಸರಿ ಹೇಳಿದ. ಆಮೇಲೆ ತಾನೇ ಗುಂಡಿಗಳನ್ನು ಒತ್ತಿ, "ಈಗ ನೀವು ಹೇಳಿ ಮೇಡಂ" ಎಂದ.

ದೊಡ್ಡಮ್ಮ ನೋಡಿದಳು. "ಮೇಲಿನದು."

"ಕೆಳಗಿನದು," ಎಂದ ಅವನು.

ಅವಳು ಹತ್ತಿರ ಹೋಗಿ ನೋಡಿದಳು. ಕೆಳಗಿನದೇ. ಕೆಳಗೆ ಅಂಗಡಿಯಲ್ಲಿ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು.

"ಹಿರಿಯರು ನೀವು, ಹೇಳಬಾರದು," ಎಂದ ಔಷಧಿ ಅಂಗಡಿಯವನು. "ಕುಣೀಲಾರದವಳು ನೆಲ ಡೊಂಕು ಅಂದ ಹಾಗಾಯ್ತು ಇದು."

ದೊಡ್ಡಮ್ಮ ಕುರ್ಚಿಗೆ ಹಿಂತಿರುಗಿ ಕೂತಳು. ಅವಳು ಜಗಳ ಮಾಡುತ್ತಾಳೆಂದು ಎಲ್ಲರೂ ಕಾದರು. ಅವಳು, "ನನ್ನ ಶಿಷ್ಯರು ಹೀಗೆ ಮಾಡಿದ್ರೆ ನಾನೇ ಫೇಲ್ ಮಾಡ್ತಿದ್ದೆ. ಹಾಜರಿ ನೀನೇ ಕರಿ" ಎಂದು ಕೈಚೀಲ ಹೆಗಲಿಗೆ ಹಾಕಿಕೊಂಡಳು.

ಆಗ ಹಿಂದಿನ ಬೆಂಚಿನಿಂದ ಮೇಷ್ಟರು ಕೇಳಿದರು, "ಒಂದು ಅನುಮಾನ. ಕಾರ್ಯದರ್ಶಿಗಳೇ, ಇನ್ನು ಮೇಲೆ ನೀವು ನಮ್ಮಲ್ಲಿಗೆ ಬರೋದನ್ನ ನಿಲ್ಲಿಸ್ತೀರಾ?"

"ನಿಮ್ಮಲ್ಲಿಗೆ ಅಂದ್ರೆ?"

"ಭಾನುವಾರ ಬೆಳಿಗ್ಗೆ. ಬಂದು 'ಹಾಜರ್ ಮೇಡಂ, ಎಲ್ಲ ಕ್ಷೇಮ, ಅಂಗಡಿ ಕಡೆ ಕರೆಂಟ್ ಇದೆ' ಅಂತ ಹೇಳಿ ಹೋಗ್ತೀರಲ್ಲ. ಹೋದ ತಿಂಗಳೂ ಬಂದಿದ್ರಿ."

ಔಷಧಿ ಅಂಗಡಿಯವನು ರೇಡಿಯೋದ ಕಡೆ ತಿರುಗಿ ನೋಡಿದ.

"ಇವರೊಬ್ಬರೇ ಅಲ್ಲ," ಎಂದ ಗಡಿಯಾರದಜ್ಜ. "ಆ ಮೂಲೆಯವರು ಬಂದಿದ್ದಾರೆ, ಕಿಟಕಿ ಹತ್ರ ಕೂತವರು ಬಂದಿದ್ದಾರೆ. ಹವಾಮಾನದ ತಾಯಿ ಒಂದು ಸಲ ಬೆಟ್ಟದ ಮೇಲಿನ ಗಾಳಿ ಪೂರ್ತಿ ನಮಗೇ ಒಪ್ಪಿಸಿದ್ರು. ಅರ್ಧ ಸಂಘ ನಮ್ಮಲ್ಲಿ ಹಾಜರಿ ಹಾಕಿದೆ. ನಾವು ಇದೇನೋ ಹೊಸ ಪದ್ಧತಿ ಇರಬೇಕು ಅಂದ್ಕೊಂಡ್ವಿ."

"ನಿಮಗೆ ಗೊತ್ತಿದ್ರೆ ಹೇಳಬಾರದಿತ್ತಾ?" ಎಂದ ಔಷಧಿ ಅಂಗಡಿಯವನು, ಈ ಸಲ ಮೆತ್ತಗೆ ಅಲ್ಲ.

"ಹೇಳಿದ್ವಲ್ಲ," ಎಂದರು ಮೇಷ್ಟರು. "ಪ್ರತಿ ಸಲ ಅಲ್ಲೇ ಹೇಳಿದ್ವಿ, 'ಸ್ವಾಮಿ, ನೀವು ದಾರಿ ತಪ್ಪಿದ್ದೀರಿ' ಅಂತ. ನೀವು ಅಲ್ಲಿ ಬಾಯಿ ಬಿಟ್ಟು ಕಿವೀನ ಇನ್ನೊಂದು ಕಡೆ ಇಟ್ಟಿದ್ರೆ ನಾವೇನು ಮಾಡೋಣ? ಈ ತಾಯಿ ತುಂಬಾ ಹೊತ್ತು ಬೈದರು, ಅದಕ್ಕೆ ಫೋನ್ ಮಾಡಿದ್ವಿ. ನೀವೆಲ್ಲ ಒಂದೇ ಮಾತು ಹೇಳಿ ಓಡ್ತೀರಿ."

ಇದನ್ನು ಎಲ್ಲರೂ ಮನಸ್ಸಿನಲ್ಲಿ ಜೋಡಿಸಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು. ಶನಿವಾರ ಸಂಜೆ ಎಲ್ಲರೂ ಅದೇ ದ್ವೀಪದವನನ್ನು ಕರೆಯುತ್ತಿದ್ದರು. ಭಾನುವಾರ ಮೇಲಿನ ಅಂಕಿಯನ್ನು ಮಾತ್ರ ಹಾಜರಿಯ ಜಾಗಕ್ಕೆ ತಿರುಗಿಸಿದರೂ ಎಲ್ಲರ ರೇಡಿಯೋದ ಕೆಳಗಿನ ಅಂಕಿಯೂ ಅದೇ ಜಾಗದಲ್ಲಿ ನಿಂತಿರುತ್ತಿತ್ತು. ಸ್ಪ್ಲಿಟ್ ಆರಿಸಲು ಮರೆತವರೆಲ್ಲ ಭಾನುವಾರ ನೇರ ಇಬ್ಬರು ಮುದುಕರ ಮಂಡಿಯ ಮೇಲೆ ಬಂದು ಕೂರುತ್ತಿದ್ದರು. ದೊಡ್ಡಮ್ಮ ಗೈರು ಎಂದು ಸಾರಿದವರು ನಿಜವಾಗಿಯೂ ಗೈರಾಗಿದ್ದರು.

ಹವಾಮಾನದ ಹೆಂಗಸು ನಗತೊಡಗಿದಳು. ಆಮೇಲೆ ಔಷಧಿ ಅಂಗಡಿಯವನ ಕಡೆ ತಿರುಗಿ, "ಅಣ್ಣಾ, ನೆಲ ಡೊಂಕೇ ಇದೆಯಲ್ಲ" ಎಂದಳು.

ಅವನು ರೇಡಿಯೋದ ಪರದೆಯನ್ನು ಇನ್ನೊಮ್ಮೆ ಬಗ್ಗಿ ನೋಡಿದ. ನೆಟ್ಟಗಾಗಿ ಕನ್ನಡಕ ತೆಗೆದ. "ಹಾಜರಿ ನೀವೇ ಕರೀರಿ ಮೇಡಂ," ಎಂದ. ಅಷ್ಟು ಹೇಳುವುದಕ್ಕೆ, ಅಂದು ಮಾರುಕಟ್ಟೆಯ ಹಿಂದೆ ಕಾರನ್ನು ಹಿಂದಕ್ಕೆ ತೆಗೆಯಲು ಪಟ್ಟಷ್ಟೇ ಕಷ್ಟಪಟ್ಟ ಎಂದು ದೊಡ್ಡಮ್ಮ ಆಮೇಲೆ ನಮಗೆ ಹೇಳಿದಳು.

ಅವಳು ಕೈಚೀಲದಿಂದ ಮುಚ್ಚಳವನ್ನೂ ಡಬ್ಬಿಯನ್ನೂ ತೆಗೆದು ಮೇಜಿನ ಮೇಲಿಟ್ಟಳು. ಮುಚ್ಚಳ ಎತ್ತಿದಳು. ಟಿಕ್ ಟಿಕ್ ಎಂದು ಕೋಣೆಯೆಲ್ಲ ತುಂಬಿತು.

"ಇದು ಎಲ್ಲರ ರೇಡಿಯೋಗೂ ಬೇಕು," ಎಂದಳು. "ಯಾರೂ ಬೇಡ ಅನ್ನೋ ಹಾಗಿಲ್ಲ."

ಮುಂದಿನ ವಾರಗಳಲ್ಲಿ ನಮ್ಮ ಅಂಗಳದ ಫ್ರಿಜ್ಜುಗಳೆಲ್ಲ ಬಾಗಿಲ ಸ್ವಿಚ್ಚು ಕಳೆದುಕೊಂಡವು. ದೊಡ್ಡಪ್ಪ ಗೊಣಗುತ್ತ ತಗಡು ಬಗ್ಗಿಸಿದರು. ಇರುವೆ ಕಾಲಿನ ಅಕ್ಷರ ಇವತ್ತಿಗೂ ಇರುವೆ ಕಾಲಿನಷ್ಟೇ ಇದೆ. ಕಂಪನಿಯ ಹೊಸ ಮಾದರಿಯಲ್ಲಿ ಎರಡು ಗಡಿಯಾರಗಳಿವೆಯಂತೆ.

ಮಂಡಿಯವರ ಜಾಗಕ್ಕೆ ಈಗ ಯಾರೂ ದಾರಿ ತಪ್ಪಿ ಬರುವುದಿಲ್ಲ. ಬೇಸರವಾಗಿ ಮೇಷ್ಟರೂ ಗಡಿಯಾರದಜ್ಜನೂ ಹಾಜರಿಗೇ ಬರತೊಡಗಿದ್ದಾರೆ. ಆದರೆ ಸ್ಪ್ಲಿಟ್ ಆರಿಸಿದವರು ಮುಚ್ಚಳ ಮುಚ್ಚಲು ಮರೆಯುತ್ತಾರೆ. ಅವರು ಮೈಕ್ ಒತ್ತಿದ ಕೂಡಲೇ ಅವರ ಕೋಣೆಯ ಟಿಕ್ ಟಿಕ್ ಎಲ್ಲರ ಮನೆಗೂ ಬರುತ್ತದೆ. ಭಾನುವಾರ ಬೆಳಿಗ್ಗೆ ಮೆಟ್ಟಿಲ ಸಂದಿಯಲ್ಲಿ ದೊಡ್ಡಮ್ಮನ ಕಾಲು ಮತ್ತೆ ಟಪ್ಪೆನ್ನುತ್ತದೆ.

"ಯಾರಪ್ಪಾ ಅದು," ಎನ್ನುತ್ತಾಳೆ ಮೈಕಿನಲ್ಲಿ, "ತಿರುಗಿ ಆಯ್ತಲ್ಲ, ಇಂಡಿಕೇಟರ್ ತೆಗೀರಿ."